ಎದುರು ಸೊಲ್ಲು

ಹೋದ ತಿಂಗಳು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ, ನವಣೆ ಸಾವೆಗಳ ಸಾಲಿನ ಕೊನೆಗೆ, ಕಗ್ಗದ ಅಕ್ಕಿ ಕಂಡಿತು. ಕೆಂಪಗಿನ ದಪ್ಪ ಅಕ್ಕಿ. ಒಂದಿಷ್ಟು ಕೊಂಡು ಮನೆಗೆ ತಂದು ಗಂಜಿಗೆ ಇಟ್ಟೆ. ಅಕ್ಕಿ ಅರಳುವ ಹೊತ್ತಿಗೆ ಅಡುಗೆಮನೆಯ ತುಂಬ ಆ ವಾಸನೆ ಎದ್ದಿತು. ಮೊದಲು ಒದ್ದೆ ಹುಲ್ಲಿನದು, ಅದರ ಹಿಂದೆ ಎಲ್ಲೋ ಉಪ್ಪುನೀರಿನ ಕೆಸರಿನದು. ಸೌಟು ಹಿಡಿದು ನಿಂತವಳು ನಿಂತೇ ಇದ್ದೆ. ಗಂಜಿ ತಳ ಹತ್ತಿತು.

ಕುಮಟಾದ ಹತ್ತಿರದ ಆ ಊರಿಗೆ ನಾನು ಹೋದದ್ದು ಅವ್ವ ತೀರಿಕೊಂಡ ಮರುವರ್ಷ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಔಷಧಿ ಕೊಡುವುದು ನನ್ನ ಕೆಲಸ. ಹಾಸಿಗೆ ಹಿಡಿದ ಅವ್ವನನ್ನು ಬಿಟ್ಟಿರುವ ಹಾಗಿಲ್ಲವೆಂದು ಅಲ್ಲಿಯ ತನಕ ಗದಗ ಸೀಮೆ ದಾಟಿರಲಿಲ್ಲ. ಮದುವೆಯ ಮಾತು ಬಂದು ಬಂದು ಒಂದು ದಿನ ಬರುವುದನ್ನೇ ನಿಲ್ಲಿಸಿತ್ತು. ಅವ್ವ ಹೋದ ಮೇಲೆ, ವರ್ಗಾವಣೆಯ ಕಾಲಕ್ಕೆ, ಎಲ್ಲಿ ಬೇಕು ಎಂದು ಕೇಳಿದರು. ಎಲ್ಲಾದರೂ ಆದೀತು ಅಂದೆ. ಅಘನಾಶಿನಿ ನದಿ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತದಲ್ಲ, ಆ ಹಿನ್ನೀರಿನ ದಂಡೆಯ ಊರೊಂದನ್ನು ಕೊಟ್ಟರು.

ನಾನು ಹೋಗಿ ಪೆಟ್ಟಿಗೆ ಬಿಚ್ಚುವುದರೊಳಗೆ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಬಂದರೆ ಜನ ಹೊರಗೆ ಬರುತ್ತಾರೆ, ಅಂಗಳದಲ್ಲಿ ನಿಂತು ಮುಗಿಲು ನೋಡುತ್ತಾರೆ. ಇಲ್ಲಿ ಒಳಗೆ ಹೋಗುತ್ತಾರೆ. ಆರೋಗ್ಯ ಕೇಂದ್ರದ ಹಿಂದಿನ ಎರಡು ಕೋಣೆಗಳ ವಸತಿಯಲ್ಲಿ ನಾನೂ ಒಳಗೆ ಉಳಿದೆ. ಹರವಿದ ಬಟ್ಟೆ ಒಣಗುತ್ತಿರಲಿಲ್ಲ, ಉಪ್ಪು ನೀರಾಗುತ್ತಿತ್ತು. ಸಂಜೆ ಬಾಗಿಲು ಹಾಕಿದರೆ ಬೆಳಿಗ್ಗೆ ಔಷಧಿ ಚೀಟಿ ತಂದವರ ದನಿ ಬರುವ ತನಕ ಮಾತಿಲ್ಲ. ಅವ್ವನಿಗೆ ಗುಳಿಗೆ ಕೊಡುತ್ತಿದ್ದ ಹೊತ್ತಿಗೆ ಕಾಲು ತಾನಾಗಿ ಎದ್ದು ನೀರಿನ ಲೋಟದ ಕಡೆ ಹೋಗುತ್ತಿತ್ತು. ಲೋಟ ತುಂಬಿಸಿದ ಮೇಲೆ ನಾನೇ ಕುಡಿದು ಕೂರುತ್ತಿದ್ದೆ.

ಆ ಊರಿನ ಬದಿಗೆ ಗಜನಿ ಇತ್ತು. ಗಜನಿಯೆಂದರೆ ಹಿನ್ನೀರಿಗೆ ಅಂಟಿಕೊಂಡ ತಗ್ಗು ಗದ್ದೆ. ಉಬ್ಬರದ ಉಪ್ಪುನೀರು ನುಗ್ಗದಂತೆ ಸುತ್ತ ಮಣ್ಣಿನ ಕಟ್ಟ ಹಾಕಿರುತ್ತಾರೆ, ಆದರೂ ನೀರು ಅಷ್ಟಿಷ್ಟು ಬಂದೇ ಬರುತ್ತದೆ. ಆ ಉಪ್ಪಿನಲ್ಲಿ ಬೇರೆ ಭತ್ತ ಸುಟ್ಟುಹೋಗುತ್ತದೆ, ಕಗ್ಗ ಮಾತ್ರ ನಿಲ್ಲುತ್ತದೆ. ಕಟ್ಟದ ಪಕ್ಕಕ್ಕೆ ಹಾಲಕ್ಕಿ ಒಕ್ಕಲಿಗರ ಕೇರಿ, ಅವರ ಬಾಯಲ್ಲಿ ಕೊಪ್ಪ. ಬೀರಜ್ಜಿ ಆ ಕೊಪ್ಪದವಳು.

ಬಿಪಿ ಗುಳಿಗೆಗೆಂದು ಬರುತ್ತಿದ್ದಳು. ಗಿಡ್ಡ ಹೆಂಗಸು, ಕೊರಳ ತುಂಬ ಕರಿಮಣಿ ಸರ, ತಲೆಯ ಮೇಲೆ ಮಳೆಗೆಂದು ಎಲೆಯ ಗೊರಬು. ಮೊದಲ ದಿನವೇ ನನ್ನ ಮಾತು ಕೇಳಿ ನಕ್ಕಳು. "ಘಟ್ಟದ ಮೇಲ್ನವ್ರಾ ಅಕ್ಕೋರೆ?" ಅಂದಳು. ಆ ಕಡೆ ಶಾಲೆಯ ಟೀಚರಮ್ಮಂದಿರನ್ನು ಅಕ್ಕೋರು ಅನ್ನುತ್ತಾರೆ. ನಾನು ಗುಳಿಗೆ ಅಕ್ಕೋರು ಆದೆ. ಗುಳಿಗೆ ತೆಗೆದುಕೊಂಡ ಮೇಲೂ ಅವಳು ಹೋಗುತ್ತಿರಲಿಲ್ಲ. ಜಗಲಿಯ ತುದಿಗೆ ಕೂತು ಮಳೆ ಕಡಿಮೆಯಾಗಲಿ ಎಂದು ಕಾಯುತ್ತಿದ್ದಳು. ಕಡಿಮೆಯಾದ ಮೇಲೂ ಕೂತಿರುತ್ತಿದ್ದಳು. ಮಗ ಮೀನಿನ ಲಾರಿಯ ಜೊತೆ ಊರೂರು ಹೋಗುವವನು, ಸೊಸೆ ಮಾದೇವಿ ಬೆಳಕು ಹರಿಯುವ ಮೊದಲೇ ಕೂಲಿಗೆ. ಅವಳಿಗೂ ಮನೆಯಲ್ಲಿ ಮಾತಿಗೆ ಯಾರಿಲ್ಲವೆಂದು ನನಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಜುಲೈನಲ್ಲಿ ವಿನುತಾ ಬಂದಳು. ಮಳೆಯಲ್ಲಿ ನೆನೆದು ಜ್ವರ ಹಿಡಿಸಿಕೊಂಡಿದ್ದಳು. ಶಿರಸಿಯಲ್ಲಿ ಓದಿದ ಹುಡುಗಿ. ನಾಲ್ಕಾರು ಗೆಳೆಯರನ್ನು, ಊರಿನ ಕೆಲವರನ್ನು ಸೇರಿಸಿ ಒಂದು ಹಬ್ಬ ಮಾಡಬೇಕೆಂದು ಹೊರಟಿದ್ದಳು. ಕಗ್ಗ ಕೊಯ್ಲಾದ ಮೇಲೆ, ಶಾಲೆಯ ಬಯಲಿನಲ್ಲಿ. ಹವಾಮಾನ ಬದಲಾಗುತ್ತಿರುವುದನ್ನು ಕಾಗದದ ಮೇಲೆ ಓದುವವರು ಒಂದು ಕಡೆ, ದಿನಾ ಅದರ ಜೊತೆ ಬದುಕುವವರು ಇನ್ನೊಂದು ಕಡೆ, ಇಬ್ಬರೂ ಒಂದು ದಿನ ಒಟ್ಟಿಗೆ ಕೂತು ಗಂಜಿ ಉಣ್ಣಲಿ ಎಂಬುದು ಅವಳ ಆಸೆ. ಬೀರಜ್ಜಿ ಹಾಡುತ್ತಾಳೆಂದು ಕೇಳಿ ಕೊಪ್ಪಕ್ಕೆ ಹೋಗಿದ್ದಳಂತೆ. ಅಜ್ಜಿ ಒಪ್ಪಿರಲಿಲ್ಲ.

"ನೀವು ಒಂದು ಮಾತು ಹೇಳಿ ನೋಡ್ರಲ್ಲ ಮೇಡಮ್," ಎಂದಳು.

ಹೇಳಿದೆ. ಬೀರಜ್ಜಿ ಗುಳಿಗೆಯ ಪಟ್ಟಿಯನ್ನು ಸೆರಗಿಗೆ ಕಟ್ಟುತ್ತ ಅಂದಳು, "ಅದು ಒಬ್ಳೇ ಹಾಡುವಂತ ಹಾಡಲ್ಲ ಅಕ್ಕೋರೆ. ಬೀಜ ಬಿತ್ತು ಹಾಡು. ಈ ದಡದಲ್ಲೊಬ್ಳು, ಆ ದಡದಲ್ಲೊಬ್ಳು. ನಾ ಕೇಳುದು, ಅವ್ಳು ಹೇಳುದು. ಅವ್ಳೇ ಇಲ್ಲ, ನಾ ಯಾರ ಹತ್ರ ಕೇಳ್ಲಿ?"

ಅವಳು ಅಂದರೆ ಸೋಮಿ. ಇಬ್ಬರೂ ಒಂದೇ ವರ್ಷ ಆ ಕೊಪ್ಪಕ್ಕೆ ಮದುವೆಯಾಗಿ ಬಂದವರು. ಅಂದಿನಿಂದ ಕಟ್ಟದ ಮೇಲೆ ಎದುರುಬದುರು ನಿಂತು ಹಾಡಿದವರು. ಸೋಮಿಯ ಮನೆ ಕಟ್ಟಕ್ಕೆ ತೀರ ಹತ್ತಿರ ಇತ್ತು. ಹಿಂದೆಲ್ಲ ಹುಣ್ಣಿಮೆ ಅಮಾವಾಸ್ಯೆಗೆ ಕಟ್ಟದ ಅಂಚು ಮುಟ್ಟಿ ಹಿಂದೆ ಹೋಗುತ್ತಿದ್ದ ನೀರು, ಈಚೆಗೆ ಮೇಲೇರಿ ಬರತೊಡಗಿತ್ತು. ಮೊದಲು ಬಾವಿ ಉಪ್ಪಾಯಿತು. ಆಮೇಲೆ ಹಿತ್ತಲ ತೊಂಡೆ ಚಪ್ಪರ ಒಣಗಿತು. ಕಡೆಗೊಂದು ಮಳೆಗಾಲದಲ್ಲಿ ಗೋಡೆ ಕೂತುಬಿಟ್ಟಿತು. ಮಗಳು ಬಂದು ಭಟ್ಕಳದ ಕಡೆ, ತೆಂಗಿನಗುಂಡಿಗೆ ಕರೆದುಕೊಂಡು ಹೋದಳು. ಅಳಿಯನಿಗೆ ಅಲ್ಲಿ ಮೀನಿಗೆ ಹಾಕುವ ಐಸಿನ ಕಾರ್ಖಾನೆಯಲ್ಲಿ ಕೆಲಸ.

"ಹೋದ್ಳು," ಅಂದಳು ಬೀರಜ್ಜಿ. "ಹೋಪುದಾದ್ರೆ ಹೋಗ್ಲಿ. ನಾ ಎಂತಕ್ಕೆ ಬ್ಯಾಡ ಹೇಳ್ಲಿ?"

ವಿನುತಾ ಮತ್ತೆ ಬಂದಾಗ ಒಂದು ಉಪಾಯ ತಂದಳು. ತೆಂಗಿನಗುಂಡಿಗೆ ಹೋಗಿ ಸೋಮಿಯ ದನಿಯನ್ನು ಮೊಬೈಲಿನಲ್ಲಿ ಹಿಡಿದು ತರುವುದು, ಹಬ್ಬದ ದಿನ ಅದನ್ನು ಹಾಕುವುದು, ಅಜ್ಜಿ ಅದರ ಜೊತೆ ಹಾಡುವುದು. ಬೀರಜ್ಜಿ ಅವಳ ಮುಖವನ್ನೇ ನೋಡಿದಳು. ಬೈಯಲಿಲ್ಲ. "ಪೆಟ್ಟಿಗೆಗೆ ನಾ ಹಾಡುದು ಕೇಳ್ತದಾ ಮಗಾ?" ಎಂದು ಕೇಳಿದಳು. ವಿನುತಾ ತಲೆ ತಗ್ಗಿಸಿ, ಇಲ್ಲ ಎಂದಳು.

ಕೊಪ್ಪದಲ್ಲಿ ಬೇರೆ ಹೆಂಗಸರಿದ್ದರು. ಮದುವೆಯ ಹಾಡು, ಸುಗ್ಗಿಯ ಹಾಡು ಅವರಿಗೆಲ್ಲ ಬರುತ್ತಿತ್ತು. ಈ ಹಾಡು ಬಹಳ ಉದ್ದದ್ದು, ಗಜನಿಗೆ ಇಳಿದು ಬಿತ್ತುವವರು ಕಡಿಮೆಯಾದ ಹಾಗೆ ಕಲಿಯುವವರೂ ಕಡಿಮೆಯಾಗಿದ್ದರು. ಮಾದೇವಿಯನ್ನು ಕೇಳಿದರೆ, "ಬೆಳಿಗ್ಗೆ ಹೋಗಿ ಕತ್ತಲಿಗೆ ಬತ್ತೆ ಅಕ್ಕೋರೆ, ಬಾಯಿ ತೆರೆದ್ರೆ ಆಕಳಿಕೆ ಬತ್ತದೆ, ಹಾಡು ಎಲ್ಲಿಂದ ಬರ್ಬೇಕು?" ಎಂದಳು.

ಆಗಸ್ಟಿನ ಒಂದು ಮಧ್ಯಾಹ್ನ ಕಟ್ಟ ಒಡೆಯಿತು. ಮೇಲಿಂದ ಮಳೆ, ಕೆಳಗಿಂದ ಉಬ್ಬರ. ಊರವರೆಲ್ಲ ಗೋಣಿ, ಮಣ್ಣು, ತೆಂಗಿನ ಸೋಗೆ ಹೊತ್ತು ಓಡಿದರು. ನಾನೂ ಹೋಗಿ ನಿಂತೆ. ಎದೆ ಮಟ್ಟದ ನೀರಿನಲ್ಲಿ ಗಂಡಸರು ಹೆಂಗಸರು ಸಾಲಾಗಿ ನಿಂತು ಗೋಣಿ ದಾಟಿಸುತ್ತಿದ್ದರು. ಸಂಜೆಯ ಹೊತ್ತಿಗೆ ಬಿರುಕು ಮುಚ್ಚಿತು, ಆದರೆ ಗದ್ದೆಯ ಅರ್ಧಕ್ಕೆ ಉಪ್ಪುನೀರು ಬಂದು ನಿಂತಾಗಿತ್ತು. ಕಗ್ಗಕ್ಕೂ ಒಂದು ಮಿತಿ ಇದೆ. ಎಳೆಯ ಪೈರು ಮುಳುಗಿ ಬಹಳ ದಿನ ಇದ್ದರೆ ಅದೂ ಕೊಳೆಯುತ್ತದೆ.

ಮರುದಿನ ತರಚಿಕೊಂಡ ಕಾಲಿಗೆ ಮುಲಾಮು ಕೇಳಿಕೊಂಡು ಬೀರಜ್ಜಿ ಬಂದಳು. ಜಗಲಿಯಲ್ಲಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಮಳೆಯ ಸದ್ದಿನೊಳಗೆ ಅವಳ ದನಿ ಸಣ್ಣಗೆ ಕೇಳಿತು.

*ಆಚೆಯ ದಡದವಳೇ, ಬೀಜ ನೆನೆ ಹಾಕಿದ್ಯೇನೇ...*

ಅಷ್ಟು ಹಾಡಿ ನಿಲ್ಲಿಸಿದಳು. ಎದುರಿನ ಸೊಲ್ಲು ಬರುವಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ ಮುಂದಿನದನ್ನು ಕೇಳಿದಳು. ಮತ್ತೆ ನಿಲ್ಲಿಸಿದಳು. ಆ ನಡುವಿನ ಮೌನ ನನಗೆ ತಡೆಯಲಾಗಲಿಲ್ಲ. ಮೂರನೆಯ ಸಲ ಅವಳು ನಿಲ್ಲಿಸಿದಾಗ, ಕಿಟಕಿಯ ಒಳಗಿಂದ ಅದೇ ರಾಗವನ್ನು ಮಾತಿಲ್ಲದೆ ಗುನುಗಿದೆ. ಅವಳು ತಿರುಗಿ ನೋಡಿದಳು.

"ರಾಗ ಹೌದು," ಅಂದಳು. "ಬಾಯಲ್ಲಿ ಜೋಳದ ರೊಟ್ಟಿ ಅದೆ."

ಹಾಗೆ ಶುರುವಾಯಿತು. ಸಂಜೆ ಚೀಟಿಯ ಕಿಟಕಿ ಮುಚ್ಚಿದ ಮೇಲೆ ಅವಳು ಬರುತ್ತಿದ್ದಳು, ಇಲ್ಲವೇ ನಾನು ಕೊಪ್ಪಕ್ಕೆ ಹೋಗುತ್ತಿದ್ದೆ. *ನೆನೆ ಹಾಕಿ ಕೂತಿನೇ, ನೀರು ಇಳಿಯಲಿಲ್ಲವೇ.* ಇದು ನನ್ನ ಮೊದಲ ಸೊಲ್ಲು. ಎರಡು ದಡದಲ್ಲಿ ಇಬ್ಬರು ಹೆಂಗಸರು, ನಡುವೆ ನೀರು. ಮೊಳಕೆ ಒಡೆದ ಬೀಜ ಬುಟ್ಟಿಯಲ್ಲಿದೆ, ನೀರು ಇಳಿಯದೆ ಬಿತ್ತುವ ಹಾಗಿಲ್ಲ. ಕಾಯುತ್ತ ಕಾಯುತ್ತ ತವರು, ಅತ್ತೆಮನೆ, ಹೆರಿಗೆ, ಸಾವು ಎಲ್ಲ ಮಾತಿಗೆ ಬರುತ್ತದೆ. ನಾನು ತಪ್ಪಿದರೆ ಬೀರಜ್ಜಿ ತೊಡೆ ತಟ್ಟಿ ನಗುತ್ತಿದ್ದಳು, ನನ್ನ 'ಹೌದ್ರಿ'ಯನ್ನು ಅಣಕಿಸುತ್ತಿದ್ದಳು. ಒಂದೆಲಗದ ತಂಬುಳಿ ಮಾಡಿ ಪಾತ್ರೆಯಲ್ಲಿ ತಂದು ಮುಚ್ಚಳ ತೆಗೆಯುವ ಮೊದಲೇ ಹಾಡು ಶುರು ಮಾಡುತ್ತಿದ್ದಳು. ಆ ಎರಡು ತಿಂಗಳು ಅವ್ವನ ಗುಳಿಗೆಯ ಹೊತ್ತು ಯಾವಾಗ ದಾಟಿಹೋಗುತ್ತಿತ್ತೋ ನನಗೆ ಗೊತ್ತಾಗುತ್ತಿರಲಿಲ್ಲ.

ನಾನು ಎದುರು ಕೂರುವುದಾದರೆ ಹಬ್ಬದಲ್ಲಿ ಹಾಡಲು ಅಜ್ಜಿ ಒಪ್ಪಿದಳು. ವಿನುತಾ ಕುಣಿಯುವುದೊಂದು ಬಾಕಿ.

ಆದರೆ ನನಗೇ ಒಳಗೆ ಸಮಾಧಾನವಿರಲಿಲ್ಲ. ನನ್ನ ಸೊಲ್ಲು ಮುಗಿದಾಗಲೆಲ್ಲ ಬೀರಜ್ಜಿ ಒಂದು ಗಳಿಗೆ ನನ್ನ ಭುಜದಾಚೆ ನೋಡುತ್ತಿದ್ದಳು. ಅಕ್ಟೋಬರಿನ ಒಂದು ಭಾನುವಾರ ಯಾರಿಗೂ ಹೇಳದೆ ಭಟ್ಕಳದ ಬಸ್ಸು ಹತ್ತಿದೆ. ಹೊನ್ನಾವರದಲ್ಲಿ ಶರಾವತಿ ದಾಟುವಾಗ ನೀರು ಅಷ್ಟಗಲಕ್ಕೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಕೊಂಕಣಿಯಲ್ಲಿ ಫೋನಿನಲ್ಲಿ ಯಾರಿಗೋ ಗದರುತ್ತಿದ್ದಳು. ನನಗೆ ಗದರಲೂ ಯಾರಿಲ್ಲ ಎಂದು ಅನ್ನಿಸಿದ್ದು ನೆನಪಿದೆ.

ತೆಂಗಿನಗುಂಡಿಯಲ್ಲಿ ಸೋಮಿಯ ಮಗಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸೋಮಿ ಉದ್ದನೆಯ ಹೆಂಗಸು. ಹೊಸ್ತಿಲ ಹತ್ತಿರ ಕೂತು ಒಣಮೀನು ಆರಿಸುತ್ತಿದ್ದಳು. ಬೀರಜ್ಜಿಯ ಹೆಸರು ಹೇಳಿದೊಡನೆ ಕೈ ನಿಂತಿತು.

"ನಾ ಹೊರಟ ದಿನ ಮುಖ ತೋರ್ಸಲಿಲ್ಲ ಅವ್ಳು," ಅಂದಳು. "ಟೆಂಪೋ ಬಂತು, ಪಾತ್ರೆ ಹೇರ್ದ್ರು. ಎಲ್ಲರ ಮನೆಯವ್ರೂ ಬಂದ್ರು. ಅವ್ಳು ಗದ್ದೆಗೆ ಹೋಗಿದ್ಳಂತೆ. ಆ ದಿನ ಗದ್ದೆಯಲ್ಲಿ ಎಂತ ಕೆಲ್ಸ ಇತ್ತು?"

ನಾನು ಹಬ್ಬದ ವಿಷಯ ಹೇಳಿದೆ. ಸೋಮಿ ತಲೆ ಅಲ್ಲಾಡಿಸಿದಳು. "ಮನೆ ಇದ್ದ ಜಾಗ ನೋಡುಕೆ ನಂಗೆ ಆಗುದಿಲ್ಲ. ಉಪ್ಪುನೀರಿಗೆ ಹೆದ್ರಿ ಇಲ್ಲಿ ಬಂದೆ. ಇಲ್ಲಿ ನೋಡ್ರೆ ಮಳೆಗಾಲದಲ್ಲಿ ಸಮುದ್ರವೇ ಅಂಗಳಕ್ಕೆ ಬತ್ತದೆ. ಇನ್ನೆಲ್ಲಿ ಹೋಗ್ಲಿ?"

ಎದ್ದು ಹೊರಡುವಾಗ ಕೇಳಿದಳು, "ಈಗ ಅವ್ಳಿಗೆ ಎದ್ರು ಯಾರು?"

"ನಾನೇ," ಎಂದೆ.

ಅವಳು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು. "ಹಾಡಿ ನೋಡ್ವ."

ಎರಡು ಸೊಲ್ಲು ಹಾಡಿದೆ. ಅವಳ ಮಗಳು ಬಾಗಿಲಿಗೆ ಬಂದು ನಿಂತಳು. ಸೋಮಿ ಮುಖ ತಿರುಗಿಸಿ ಮೀನಿನ ಮೊರಕ್ಕೆ ಕೈ ಹಾಕಿದಳು. "ಆತು, ಸಾಕು," ಎಂದಳು.

ಮರುದಿನ ಬೀರಜ್ಜಿ, "ನಿನ್ನೆ ಬೀಗ ಇತ್ತು," ಎಂದಳು. ಭಟ್ಕಳಕ್ಕೆ ಹೋಗಿದ್ದೆ ಎಂದೆ. ಭಟ್ಕಳದಲ್ಲಿ ಎಂತ ಕೆಲಸ ಎಂದು ಅವಳು ಕೇಳಲಿಲ್ಲ. ನೆಲ ನೋಡುತ್ತ ಕೇಳಿದಳು.

"ಬಡವಾಗಿದ್ಳಾ?"

"ಇಲ್ಲ ಅಜ್ಜಿ, ಗಟ್ಟಿಯಾಗೇ ಇದಾಳೆ."

"ಹೂಂ," ಎಂದಳು. ಅವತ್ತು ಹಾಡಲಿಲ್ಲ. ಎದ್ದು ಹೋಗುವಾಗ, ನಾನು ಕೇಳದಿದ್ದರೂ ಹೇಳಿದಳು, "ಅವ್ಳು ಹೋಪುದು ನೋಡುಕೆ ಆಗುದಿಲ್ಲ ಹೇಳಿ ಗದ್ದೆಗೆ ಹೋಗಿ ಕೂತಿದ್ದೆ ಅಕ್ಕೋರೆ."

ಕೊಯ್ಲಿನ ಹೊತ್ತಿಗೆ, ಬರಬಾರದ ಕಾಲಕ್ಕೆ, ಮತ್ತೆ ಮಳೆ ಬಂತು. ಉಳಿದ ಕಗ್ಗ ನೀರಿಗೆ ಒರಗಿತು. ತೆನೆ ಮಾತ್ರ ಕೊಯ್ದು ಹುಲ್ಲನ್ನು ಮೀನಿಗೆ ಬಿಡುವುದು ಅಲ್ಲಿಯ ಪದ್ಧತಿ. ಆ ವರ್ಷ ತೆನೆಯನ್ನೇ ನೀರಿನೊಳಗೆ ಕೈಯಾಡಿಸಿ ಹುಡುಕಿದರು. ಸಿಕ್ಕಿದ್ದರಲ್ಲಿ ಮುಂದಿನ ವರ್ಷದ ಬೀಜ ಮೊದಲು ತೆಗೆದಿಟ್ಟರು. ಹಬ್ಬ ಬೇಡ ಎಂದು ಕೆಲವರು ಅಂದರು. ಮಾದೇವಿಯೇ ಗಟ್ಟಿಯಾಗಿ ಹೇಳಿದಳು, "ಬಂದವ್ರು ನೋಡ್ಕಂಡು ಹೋಗ್ಲಿ. ಚಲೋ ಬೆಳೆದ ವರ್ಷ ಕರೆದು ಎಂತ ತೋರ್ಸುದು?"

ಡಿಸೆಂಬರಿನಲ್ಲಿ ಹಬ್ಬವಾಯಿತು. ಶಾಲೆಯ ಬಯಲಿಗೆ ತೆಂಗಿನ ಗರಿಯ ಚಪ್ಪರ. ಕೈಯಲ್ಲಿ ಬರೆದ ಬಟ್ಟೆಯ ಪರದೆಗಳು. ಒಂದು ಕಡೆ ತರಕಾರಿ ಬೀಜಗಳ ಕುಡಿಕೆಗಳು, ಇನ್ನೊಂದು ಕಡೆ ದೊಡ್ಡ ಹಂಡೆಯಲ್ಲಿ ಕಗ್ಗದ ಗಂಜಿ, ಬಳಚು ಎಂಬ ಚಿಪ್ಪುಮೀನಿನ ಸುಕ್ಕ. ಹೊನ್ನಾವರದ ಹಿನ್ನೀರಿನಲ್ಲಿ ಬಳಚು ಹೆಕ್ಕುವ ಹೆಂಗಸೊಬ್ಬಳು ಮೈಕಿನ ಮುಂದೆ ನಿಂತು, "ಮೊದ್ಲು ಕೈ ಹಾಕಿದಲ್ಲಿ ಸಿಕ್ತಿತ್ತು, ಈಗ ಹೊತ್ತು ಮುಳುಗು ತನಕ ಹುಡುಕ್ಬೇಕು," ಎಂದಳು. ಭಟ್ಕಳದ ಕಾಡಂಚಿನ ಗೊಂಡರ ಯಜಮಾನರೊಬ್ಬರು ಮರಗಳು ಹೂ ಬಿಡುವ ಕಾಲ ತಪ್ಪಿದೆ, ಜೇನು ಬರುವಾಗ ಹೂವಿಲ್ಲ ಎಂದರು. ಕಾಲೇಜಿನ ಮೇಷ್ಟ್ರೊಬ್ಬರು ಕರಾವಳಿಯ ನಕ್ಷೆ ತೋರಿಸಿದರು. ಜನ ಕೇಳಿದರು. ನನಗೆ ಒಂದೂ ತಲೆಗೆ ಹೋಗುತ್ತಿರಲಿಲ್ಲ. ನನ್ನ ಸೊಲ್ಲುಗಳನ್ನು ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದೆ. ಹೊಸ ಇಳಕಲ್ ಸೀರೆ ಉಟ್ಟಿದ್ದೆ, ಅವ್ವ ನನಗೆಂದು ಎತ್ತಿಟ್ಟದ್ದು.

ಬೀರಜ್ಜಿ ಮತ್ತು ನಾನು ಚಪ್ಪರದ ಬದಿಗೆ ಕುರ್ಚಿಗಳಲ್ಲಿ ಕೂತಿದ್ದೆವು. ನಮ್ಮ ಸರದಿ ಹತ್ತಿರ ಬಂದಾಗ, ಗೇಟಿನಿಂದ ಉದ್ದನೆಯ ಹೆಂಗಸೊಬ್ಬಳು ಮಗಳ ಕೈ ಹಿಡಿದು ಬರುವುದು ಕಂಡಿತು. ನಾನು ಮೊದಲು ನೋಡಿದೆ. ಬೀರಜ್ಜಿ ಆಮೇಲೆ.

ಸೋಮಿ ಬಂದು ನಮ್ಮ ಮುಂದೆ ನಿಂತಳು.

"ಬಂದ್ಯನೇ?" ಅಂದಳು ಬೀರಜ್ಜಿ.

"ಬಂದೆ."

"ಬಸ್ಸಲ್ಲಿ ಕೂರುಕೆ ಜಾಗ ಸಿಕ್ತಾ?"

"ಹೊನ್ನಾವರದ ತನಕ ನಿಂತೇ ಬಂದೆ."

"ಹಾಂಗಾರೆ ಕೂತ್ಕ."

ಬೇರೆ ಕುರ್ಚಿ ಇರಲಿಲ್ಲ. ನಾನು ಎದ್ದೆ. ಸೋಮಿ ಕೂತಳು. ಇಬ್ಬರೂ ಎದುರಿಗೆ ನೋಡುತ್ತ ಕೂತರು, ಒಬ್ಬರನ್ನೊಬ್ಬರು ನೋಡಲಿಲ್ಲ. ಬೀರಜ್ಜಿಯ ಕೈ ಮಾತ್ರ ಸೋಮಿಯ ಮಣಿಕಟ್ಟು ಹಿಡಿದಿತ್ತು, ನಾಡಿ ನೋಡುವವರ ಹಾಗೆ.

ವಿನುತಾ ಮೈಕಿನಲ್ಲಿ ನಮ್ಮ ಹೆಸರು ಹೇಳಲು ಹೊರಟವಳು ನನ್ನ ಕಡೆ ನೋಡಿದಳು. ನಾನು ಹತ್ತಿರ ಹೋಗಿ, "ಹೆಸರು ಬದಲು ಮಾಡು. ಬೀರಮ್ಮ, ಸೋಮಮ್ಮ," ಎಂದೆ.

"ಮೇಡಮ್, ನೀವು?"

"ಅವಳು ಬಂದಾಳಲ್ಲ," ಎಂದೆ.

ಇಬ್ಬರೂ ವೇದಿಕೆ ಹತ್ತಿದರು. ಮೈಕು ನಡುವೆ ಇಟ್ಟಿದ್ದರು. ಅದನ್ನು ಬಿಟ್ಟು ದೂರ ದೂರ ಸರಿದು ಎದುರುಬದುರು ನಿಂತರು, ಜನರಿಗೆ ಅವರ ಮಗ್ಗುಲು ಮಾತ್ರ ಕಾಣುವ ಹಾಗೆ. ಬೀರಜ್ಜಿ ಕೇಳಿದಳು. ಸೋಮಿ ಹೇಳಿದಳು. ನಾನು ಅಷ್ಟು ತಿಂಗಳು ಹಾಡಿದ್ದು ಈ ಸೊಲ್ಲೇ ಹೌದೋ ಅನ್ನಿಸಿತು. ನನ್ನ ಬಾಯಲ್ಲಿ ಅದು ಉತ್ತರವಾಗಿತ್ತು. ಸೋಮಿಯ ಬಾಯಲ್ಲಿ ಅದು ಜಗಳ, ಸಿಟ್ಟು, ಯಾಕೆ ಬರಲಿಲ್ಲ ನೀನು ಎಂಬ ಪ್ರಶ್ನೆ. ಬೀರಜ್ಜಿಯ ದನಿ ಒಡೆಯಿತು, ಸೋಮಿ ಒಂದು ಗಳಿಗೆ ಹೆಚ್ಚು ಎಳೆದು ಅವಳಿಗೆ ಉಸಿರು ಸಿಗುವಷ್ಟು ಹೊತ್ತು ಕೊಟ್ಟಳು. ಕೆಳಗೆ ನಿಂತಿದ್ದ ನನ್ನ ತುಟಿ ತಾನಾಗಿ ಅಲ್ಲಾಡುತ್ತಿತ್ತು.

ಊಟದ ಹೊತ್ತಾಯಿತು. ಜನ ಒಬ್ಬೊಬ್ಬರಾಗಿ ಹಂಡೆಯ ಕಡೆ ಸರಿದರು. ವಿನುತಾ ಬಂದು, "ಇನ್ನೂ ಎಷ್ಟಿದೆ ಮೇಡಮ್?" ಎಂದು ಕಿವಿಯಲ್ಲಿ ಕೇಳಿದಳು.

"ಇನ್ನೂ ನೀರೇ ಇಳಿದಿಲ್ಲ," ಎಂದೆ.

ಅವಳು ಗಡಿಯಾರ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ನೆಲಕ್ಕೆ ಕೂತುಬಿಟ್ಟಳು. ಕೊನೆಗೆ ಚಪ್ಪರದಲ್ಲಿ ಉಳಿದವರು ಕೊಪ್ಪದ ಹೆಂಗಸರು, ವಿನುತಾ, ಗೊಂಡರ ಯಜಮಾನರು, ನಾನು. ಮಾದೇವಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದು ನಿಂತಿದ್ದಳು.

ಹಾಡು ಮುಗಿದ ಮೇಲೆ ಇಬ್ಬರೂ ಗಂಜಿ ಉಂಡರು. ಆಮೇಲೆ ಕಟ್ಟದ ಮೇಲೆ ನಡೆದು ಸೋಮಿಯ ಮನೆಯಿದ್ದ ಜಾಗಕ್ಕೆ ಹೋದರು. ನಾನು ಜೊತೆಗೆ ಹೋಗಲಿಲ್ಲ. ದೂರದಿಂದ, ಒಂದು ಗಿಡ್ಡ ಒಂದು ಉದ್ದ ಎರಡು ಆಕೃತಿಗಳು ಬಹಳ ಹೊತ್ತು ನಿಂತಿರುವುದು ಕಾಣುತ್ತಿತ್ತು.

ಸಂಜೆಯ ಬಸ್ಸಿಗೆ ಮೊದಲು ಬೀರಜ್ಜಿ ಕೈಚೀಲ ಹಿಡಿದು ನನ್ನ ಬಾಗಿಲಿಗೆ ಬಂದಳು.

"ಎರಡ್ ದಿನ ಅವ್ಳ ಸಂಗ್ತಿಗೆ ಇದ್ದು ಬತ್ತೆ ಅಕ್ಕೋರೆ. ಗುಳಿಗೆ ಕೊಡಿ."

ಭಾನುವಾರ, ಔಷಧಿಯ ಕೋಣೆ ಮುಚ್ಚಿತ್ತು. ನಾನು ಬೀಗ ತೆಗೆದು ಒಳಗೆ ಹೋಗಿ ಇಡೀ ತಿಂಗಳಿನ ಗುಳಿಗೆ ತಂದುಕೊಟ್ಟೆ. ಮುಗಿದ ಮೇಲೆ ತೆಂಗಿನಗುಂಡಿಯವರು ಯಾವ ಆಸ್ಪತ್ರೆಗೆ ಹೋಗುತ್ತಾರೆ, ಅಲ್ಲಿ ಏನು ಕೇಳಬೇಕು ಎಂದು ಸೋಮಿಯ ಮಗಳಿಗೆ ಬಿಡಿಸಿ ಹೇಳಿದೆ.

ಬೀರಜ್ಜಿ ಪಟ್ಟಿಗಳನ್ನು ನೋಡಿ, "ಎರಡ್ ದಿನಕ್ಕೆ ಇಷ್ಟು ಎಂತಕ್ಕೆ?" ಎಂದಳು.

"ಇರಲಿ ಅಜ್ಜಿ," ಎಂದೆ.

ಅವಳು ನನ್ನ ಮುಖ ನೋಡಿದಳು. ಸೆರಗಿಗೆ ಗಂಟು ಹಾಕಿದಳು. ನನ್ನ ಗಲ್ಲ ಮುಟ್ಟಿ ಹೋದಳು.

ಅವಳು ಬರಲಿಲ್ಲ. ಬರುತ್ತೇನೆಂದು ಆಗೊಮ್ಮೆ ಈಗೊಮ್ಮೆ ಮಗನಿಗೆ ಹೇಳಿ ಕಳಿಸುತ್ತಿದ್ದಳಂತೆ. ಊರವರು ಸೇರಿ ಕಟ್ಟ ಎತ್ತರಿಸಿದರು. ಜೂನಿನಲ್ಲಿ ಮಾದೇವಿ ಕೂಲಿಗೆ ರಜೆ ಹಾಕಿ ಬೀಜ ನೆನೆ ಹಾಕಿದಳು. ನಾನು ಆ ಊರಿನಲ್ಲಿ ಇನ್ನೊಂದು ಮಳೆಗಾಲ ಕಳೆದೆ. ಸಂಜೆ ಜಗಲಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಬಾಗಿಲು ಹಾಕಿಕೊಂಡರೆ ಮತ್ತೆ ಬೆಳಗಿನ ತನಕ ಮಾತಿಲ್ಲ.

ಜುಲೈನ ಒಂದು ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಸೋಮಿಯ ಮಗಳು. "ಅಜ್ಜಿ ಮಾತಾಡ್ತದಂತೆ," ಎಂದು ಕೊಟ್ಟಳು.

"ಅಕ್ಕೋರೆ, ಗುಳಿಗೆ ತಕಂತೆ ಇದ್ದೆ," ಎಂದು ಬೀರಜ್ಜಿ ಫೋನಿನಲ್ಲಿ ಕೂಗಿದಳು. "ಇಲ್ಲಿ ಸಮುದ್ರದ್ದು ಗಲಾಟೆ. ಮಳೆಗೆ ಹೊರಗೆ ಹೋಪುಕಿಲ್ಲ. ನಾವು ಕೂತ್ಕಂಡು ಅದೇ. ಕೇಳ್ತ್ರಾ?"

ನಾನು ಹೂಂ ಎನ್ನುವ ಮೊದಲೇ ಶುರು ಮಾಡಿದಳು. ಅವಳ ಸೊಲ್ಲು ಮುಗಿಯಿತು. ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಪಕ್ಕದಿಂದ ಸೋಮಿ ಎತ್ತಿಕೊಂಡಳು. ನಾನು ಬಾಯಿ ಮುಚ್ಚಿ, ಫೋನನ್ನು ಕಿವಿಗೆ ಒತ್ತಿಕೊಂಡು, ನೀರಿಳಿಯುವ ತನಕ ಕೇಳುತ್ತ ಕೂತೆ.